ಮನೆಯ ರೌಟರ್ ಬಿಡಿ, ಶೆಡ್ಡಿನದನ್ನು ನೋಡಿ

ಪ್ರಶ್ನೆ: ನಮ್ಮ ಮನೆ ಗಡಹಿಂಗ್ಲಜದಲ್ಲಿ, ಅಣ್ಣನ ಮಗ್ಗದ ಶೆಡ್ ಇಚಲಕರಂಜಿಯಲ್ಲಿ. ಕೊಲ್ಹಾಪುರದಲ್ಲಿ ಕಾಲೇಜು ಓದುವ ಅವನ ಮಗ ರಜೆಗೆ ಬಂದಾಗ ನಮ್ಮ ವೈಫೈಯಲ್ಲಿ ಕೂತು, ಒಂದು ಆ್ಯಪ್ ಹಾಕಿ ರೌಟರ್ ಪರೀಕ್ಷಿಸಿದ. 53, 80, 7547 ಪೋರ್ಟ್‌ಗಳು ತೆರೆದಿವೆ ಎಂದು ಬಂತು. ಇಲ್ಲಿಂದಲೇ ಶೆಡ್ಡಿನ ವಿಳಾಸ ಹಾಕಿ ನೋಡಿದರೆ ಅಲ್ಲಿ 37777 ತೆರೆದಿದೆ. ನಾವು ಯಾವುದನ್ನೂ ತೆರೆದಿಲ್ಲ. ಮನೆಯ ರೌಟರಿಗೆ ಯಾರಾದರೂ ಹೊಕ್ಕಿದ್ದಾರೆಯೇ?
— ಓದುಗರೊಬ್ಬರು, ಗಡಹಿಂಗ್ಲಜ

ಉತ್ತರ: ಮನೆಯಲ್ಲಿ ಮೂರು, ಶೆಡ್ಡಿನಲ್ಲಿ ಒಂದೇ ಎಂದು ನೀವು ಮನೆಯ ಚಿಂತೆಗೆ ಬಿದ್ದಿದ್ದೀರಿ. ನನಗೆ ಭಯವಿರುವುದು ಆ ಒಂದರದ್ದೇ.

ಮನೆಯ ರೌಟರನ್ನು ನೋಡಿದ್ದು ಮನೆಯೊಳಗಿಂದ. ಹಾಗೆ ನೋಡಿದಾಗ 53 ಮತ್ತು 80 ತೆರೆದು ಕಾಣುವುದು ಸಹಜ: ಮೊದಲನೆಯದು ವೆಬ್‌ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುತ್ತದೆ, ಎರಡನೆಯದು ರೌಟರಿನ ಸೆಟ್ಟಿಂಗ್ ಪುಟದ್ದು. ಪಡಸಾಲೆಯಿಂದ ಅಡುಗೆಮನೆ ಬಾಗಿಲು ತೆರೆದು ಕಂಡರೆ ಬೀದಿಬಾಗಿಲೂ ತೆರೆದಿದೆ ಎಂದಲ್ಲ.

7547ರ ಕಥೆ ಬೇರೆ. ಇಂಟರ್‌ನೆಟ್ ಕಂಪನಿಯವರು ದೂರದಿಂದಲೇ ರೌಟರ್ ನಿರ್ವಹಿಸಲು ಟಿಆರ್-069 ಎಂಬ ಏರ್ಪಾಡಿಗೆ ಇದನ್ನು ಬಳಸುತ್ತಾರೆ. ಅದು ಕಂಪನಿಗೆ ಮಾತ್ರ ಕಾಣಬೇಕು. 2016ರ ನವೆಂಬರಿನಲ್ಲಿ ಈ ಪೋರ್ಟಿನ ಮೇಲೆ ನಡೆದ ದಾಳಿಯಿಂದ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಏರುಪೇರಾಯಿತು. 2017ರ ಜುಲೈಯಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಗ್ರಾಹಕರ ಮೋಡೆಮ್‌ಗಳೂ ಮಾಲ್‌ವೇರ್ ದಾಳಿಗೆ ಸಿಕ್ಕಿ ನಿಂತುಹೋದವು. ‘ಅಡ್ಮಿನ್’ ಎಂಬ ಮೂಲ ಪಾಸ್‌ವರ್ಡನ್ನೇ ಉಳಿಸಿಕೊಂಡವರಿಗೆ ಪೆಟ್ಟು ಬಿತ್ತು.

ಆದ್ದರಿಂದ ಹೊರಗಿನಿಂದಲೂ ನೋಡಿ. ರೌಟರ್ ಪುಟದಲ್ಲಿ ‘ವ್ಯಾನ್ ಐಪಿ’ ಎಂಬ ಅಂಕಿಯ ವಿಳಾಸ ಬರೆದುಕೊಂಡು, ವೈಫೈ ಆರಿಸಿ, ಮೊಬೈಲ್ ಡೇಟಾದಿಂದ ಅದೇ ಅಂಕಿಯನ್ನು ಪರೀಕ್ಷಿಸಿ. ವಿಳಾಸ 10ರಿಂದ, ಅಥವಾ 100.64ರಿಂದ 100.127ರವರೆಗಿನ ಅಂಕಿಯಿಂದ ಶುರುವಾದರೆ ಕಂಪನಿಯವರು ಒಂದೇ ಹೊರವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ. ಹೊರಗಿನವರು ನೇರವಾಗಿ ನಿಮ್ಮ ರೌಟರಿಗೆ ಬರಲಾರರು. ಹಾಗಿಲ್ಲದೆ 7547 ಕಂಡರೆ ಕಂಪನಿಗೆ ಫೋನ್ ಮಾಡಿ ಮುಚ್ಚಿಸಿ.

ಇನ್ನು ಶೆಡ್. ಗಡಹಿಂಗ್ಲಜದಿಂದ ನಿಮಗೆ ಕಂಡದ್ದು ಜಗತ್ತಿಗೆಲ್ಲ ಕಾಣುತ್ತಿದೆ. 37777 ಕ್ಯಾಮೆರಾದ ದೃಶ್ಯ ಮುದ್ರಿಸಿಡುವ ದಾಹುವಾ ಕಂಪನಿಯ ಮಾದರಿಯ ಡಿವಿಆರ್‌ಗಳ ಪೋರ್ಟ್. ಮಗ್ಗ ಓಡುವುದನ್ನು ಮೊಬೈಲಿನಲ್ಲಿ ನೋಡಲೆಂದು ಕ್ಯಾಮೆರಾ ಕೂರಿಸಿದವರು ಪೋರ್ಟ್ ಫಾರ್ವರ್ಡ್ ಮಾಡಿ ಹೊರಗಿನಿಂದ ಅದಕ್ಕೆ ದಾರಿ ಬಿಟ್ಟಿರಬೇಕು, ಇಲ್ಲವೇ ಡಿವಿಆರ್ ತಾನಾಗಿ ಯುಪಿಎನ್‌ಪಿ ಮೂಲಕ ರೌಟರನ್ನು ಕೇಳಿ ತೆರೆಸಿಕೊಂಡಿರಬೇಕು. ಹಾಗೆ ಕೇಳಿದಾಗ ರೌಟರ್ ಯಾರ ಒಪ್ಪಿಗೆಗೂ ಕಾಯುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಇಂಥ ಕ್ಯಾಮೆರಾ, ಡಿವಿಆರ್‌ಗಳನ್ನೇ ಅರವತ್ತು ಚಿಲ್ಲರೆ ಸಿದ್ಧ ಪಾಸ್‌ವರ್ಡ್‌ಗಳಿಂದ ವಶಪಡಿಸಿಕೊಂಡಿತು. ಅಕ್ಟೋಬರ್ 21ರಂದು ಅವುಗಳ ದಂಡು ವೆಬ್‌ಸೈಟುಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್ ಅನೇಕರಿಗೆ ತೆರೆಯಲೇ ಇಲ್ಲ. 2017ರ ಮಾರ್ಚಿನಲ್ಲಿ ದಾಹುವಾದ ಕೆಲವು ಯಂತ್ರಗಳಲ್ಲಿ ಲಾಗಿನ್ ಆಗದೆಯೇ ಬಳಕೆದಾರರ ಪಟ್ಟಿ ಸಿಗುವ ದೋಷ ಬಯಲಾಗಿ, ಕಂಪನಿ ತಿದ್ದಿದ ಸಾಫ್ಟ್‌ವೇರ್ ಕೊಟ್ಟಿತು. ಶೆಡ್ಡಿನ ಮೂಲೆಯ ಡಿವಿಆರ್‌ಗೆ ಅದನ್ನು ಯಾರು ಹಾಕುತ್ತಾರೆ, ಹೇಳಿ!

ಶೆಡ್ಡಿನ ರೌಟರಿನಲ್ಲಿ ಯುಪಿಎನ್‌ಪಿ ಆಫ್ ಮಾಡಿ, ಫಾರ್ವರ್ಡ್ ಪಟ್ಟಿಯಿಂದ 37777 ಅಳಿಸಿ, ಡಿವಿಆರ್ ಸಾಫ್ಟ್‌ವೇರ್ ಹೊಸದು ಮಾಡಿ, ಎರಡರ ಪಾಸ್‌ವರ್ಡನ್ನೂ ಬದಲಿಸಿ. (ಹತ್ತು ಶೆಡ್ಡಿಗೂ ಒಂದೇ ಪಾಸ್‌ವರ್ಡ್ ಇಟ್ಟು ಹೋಗುವ ಕ್ಯಾಮೆರಾದವರಿದ್ದಾರೆ.) ಮೊಬೈಲಿನಲ್ಲಿ ನೋಡಲು ತಯಾರಕರ ಆ್ಯಪ್‌ನಲ್ಲಿ ಡಿವಿಆರ್‌ನ ಕ್ಯೂಆರ್ ಕೋಡ್ ಹಾಕಿದರೆ ಸಾಕು, ಪೋರ್ಟ್ ತೆರೆಯಬೇಕಿಲ್ಲ. ರೌಟರ್ ಆರಿಸಿ ಹಚ್ಚಿ, ಗಡಹಿಂಗ್ಲಜದಿಂದ ಮತ್ತೆ ನೋಡಿ. ಆಗಲೂ 37777 ಕಂಡರೆ, ಕೇಬಲ್‌ನವರು ಕೊಟ್ಟ ಪೆಟ್ಟಿಗೆಯೊಂದು, ನೀವು ಕೊಂಡ ರೌಟರ್ ಇನ್ನೊಂದು ಇದೆಯೇ ವಿಚಾರಿಸಿ; ನೀವು ತಿದ್ದಿದ್ದು ಒಂದನ್ನು ಮಾತ್ರ ಆಗಿರಬಹುದು.