ಎರಡು ಸಣ್ಣ ಪ್ರೊಸೆಸರ್‌ಗಳು: ಓಡುವ ಲೆಕ್ಕ, ಮಲಗುವ ಲೆಕ್ಕ



ಹೋದ ತಿಂಗಳು ವಿಜ್ಞಾನ ವಸ್ತು ಪ್ರದರ್ಶನದಲ್ಲಿ ನಮ್ಮ ಗುಂಪಿನ 'ಮಾತಾಡುವ ಪೆಟ್ಟಿಗೆ' ಮಾತಾಡಲಿಲ್ಲ. ನೀವೆಲ್ಲ ನೋಡಿದ್ದೀರಿ, ನಕ್ಕವರೂ ಇದ್ದೀರಿ. ಯಾಕೆ ಹಂಗಾಯಿತು ಅಂತ ಹುಡುಕಿದಾಗ ನಾನು ಕಲಿತದ್ದನ್ನು ಈ ವಾರ ಬರೆದಿದ್ದೇನೆ.

ಪ್ರೊಸೆಸರ್ ಎಂದರೇನು?

ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳು. ಅದು ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತ ಲೆಕ್ಕ ಮಾಡುತ್ತದೆ. 1 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 10 ಲಕ್ಷ ಟಿಕ್. ಅದು ತಿನ್ನುವ ಕರೆಂಟನ್ನು ವ್ಯಾಟ್‌ನಲ್ಲಿ ಅಳೆಯುತ್ತಾರೆ. ನಮ್ಮ ಭಾಗದ ಕೂಡಗಿ ವಿದ್ಯುತ್ ಸ್ಥಾವರದ ಸಾಮರ್ಥ್ಯ 2400 ಮೆಗಾವ್ಯಾಟ್, ಅಂದರೆ 240 ಕೋಟಿ ವ್ಯಾಟ್. ಮನೆಯ ಎಲ್‌ಇಡಿ ಬಲ್ಬು 9 ವ್ಯಾಟ್. ನಾನು ಹೇಳುವ ಎರಡು ಪ್ರೊಸೆಸರ್‌ಗಳು ಬರೀ ಅರ್ಧ ವ್ಯಾಟಿನ ಆಸುಪಾಸಿನವು.

ಮೊದಲನೆಯದು: ಸಿಂಪ್ಯೂಟರಿನ ಪ್ರೊಸೆಸರ್

ಸಿಂಪ್ಯೂಟರ್ ನಮ್ಮ ಕರ್ನಾಟಕದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಕಂಪನಿಯ ಎಂಜಿನಿಯರರ ಜೊತೆ ಸೇರಿ ಅದನ್ನು ರೂಪಿಸಿದರು. 2001ರಲ್ಲಿ ಮಾದರಿ ತೋರಿಸಿದರು. 2004ರಲ್ಲಿ 'ಅಮಿಡಾ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಓದು ಬಾರದವರಿಗೂ ಕಂಪ್ಯೂಟರ್ ಉಪಯೋಗ ಆಗಲಿ, ಅದು ನಮ್ಮ ಭಾಷೆಯಲ್ಲಿ ಮಾತಾಡಲಿ ಎಂಬುದು ಅವರ ಆಸೆ. ಅಂದುಕೊಂಡಷ್ಟು ಮಾರಾಟ ಆಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಬಂತು.

ಅದರೊಳಗಿನ ಪ್ರೊಸೆಸರ್ ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಎಸ್‌ಎ-1110. ವೇಗ 206 ಮೆಗಾಹರ್ಟ್ಸ್. ಪೂರ್ತಿ ವೇಗದಲ್ಲಿ ಓಡಿದರೂ ಸಾಮಾನ್ಯವಾಗಿ 0.4 ವ್ಯಾಟಿಗಿಂತ ಕಡಿಮೆ ತಿನ್ನುತ್ತಿತ್ತು.

ಎರಡನೆಯದು: ರಾಸ್ಪ್‌ಬೆರಿ ಪೈ ಝೀರೋದ ಪ್ರೊಸೆಸರ್

ಇದು 2015ರಲ್ಲಿ ಇಂಗ್ಲೆಂಡಿನಿಂದ ಬಂದ ಸಣ್ಣ ಕಂಪ್ಯೂಟರ್ ಹಲಗೆ. ಆಗ ಅದರ ಬೆಲೆ 5 ಡಾಲರ್. ಮುದ್ದೇಬಿಹಾಳದ ನಮ್ಮ ಮಾವನ ಮಗ ಎಂಜಿನಿಯರಿಂಗ್ ಓದುತ್ತಾನೆ, ಅವನೇ ತಂದುಕೊಟ್ಟ. ಅದರ ಪ್ರೊಸೆಸರ್ ಬ್ರಾಡ್‌ಕಾಮ್ ಕಂಪನಿಯ ಬಿಸಿಎಂ-2835. ವೇಗ 1000 ಮೆಗಾಹರ್ಟ್ಸ್. ಸಾಧಾರಣ ಕೆಲಸದಲ್ಲಿ ಇಡೀ ಹಲಗೆ ಸುಮಾರು 100 ಮಿಲಿಆಂಪ್ ಎಳೆಯುತ್ತದೆ. 5 ವೋಲ್ಟಿಗೆ ಗುಣಿಸಿದರೆ 0.5 ವ್ಯಾಟ್.

ಓಡುವ ಲೆಕ್ಕ

ಎರಡೂ ಆರ್ಮ್ ಎಂಬ ಒಂದೇ ಮನೆತನದವು. ಮೊಬೈಲಿನ ಪ್ರೊಸೆಸರ್‌ಗಳೂ ಬಹಳಷ್ಟು ಇದೇ ಮನೆತನದವು. ಟಿಕ್ ಲೆಕ್ಕದಲ್ಲಿ ಎರಡನೆಯದು ಹತ್ತಿರ ಹತ್ತಿರ ಐದು ಪಟ್ಟು ಚುರುಕು. ಕರೆಂಟ್ ಮಾತ್ರ ಐದು ಪಟ್ಟು ತಿನ್ನುವುದಿಲ್ಲ. ಇಲ್ಲಿ ಒಂದು ಮಾತು ನೆನಪಿಡಿ. 0.4 ಎಂಬುದು ಪ್ರೊಸೆಸರ್ ಒಂದರದು, 0.5 ಇಡೀ ಹಲಗೆಯದು. ಬರೀ ಎತ್ತಿನ ತೂಕವನ್ನು ಬಂಡಿ ಸಮೇತ ಎತ್ತಿನ ತೂಕದ ಜೊತೆ ಹೋಲಿಸಿದ ಹಾಗೆ. ಆದ್ದರಿಂದ ಓಡುವುದರಲ್ಲಿ ಹೊಸದೇ ಗೆದ್ದಿತು.

ಮಲಗುವ ಲೆಕ್ಕ

ನಾವು ಸೋತದ್ದು ಇಲ್ಲೇ. ನಮ್ಮ ಅಜ್ಜಿಗೆ ಓದು ಬರುವುದಿಲ್ಲ. ಹೊಲದ ಉತಾರ ಯಾರಾದರೂ ಓದಿ ಹೇಳಬೇಕು. "ಓದೋರು ಖರೆ ಹೇಳ್ತಾರೋ ಸುಳ್ಳು ಹೇಳ್ತಾರೋ ನನಗ ಹ್ಯಾಂಗ ತಿಳೀಬೇಕು?" ಅಂತಾಳೆ. ಅದಕ್ಕೇ ಉತಾರವನ್ನು ಟೈಪ್ ಮಾಡಿ, ಪೈ ಝೀರೋದಿಂದ ಕನ್ನಡದಲ್ಲಿ ಓದಿಸುವ ಪೆಟ್ಟಿಗೆ ಮಾಡಿದ್ದೆವು. ಹಿಂದಿನ ದಿನ ಸಂಜೆ 4ಕ್ಕೆ ಚಾಲು ಇಟ್ಟೇ ಮನೆಗೆ ಹೋದೆವು. ಬೆಳಿಗ್ಗೆ 10ಕ್ಕೆ ಅಜ್ಜಿ ಬಂದು ಮುಂದೆ ಕುಂತಳು. ಗುಂಡಿ ಒತ್ತಿದೆ. ಸದ್ದೇ ಇಲ್ಲ.

ಲೆಕ್ಕ ನೋಡಿರಿ. ಪವರ್ ಬ್ಯಾಂಕಿನ ಮೇಲೆ 2600 ಎಂದು ಬರೆದಿತ್ತು. ಅದು ಒಳಗಿನ 3.7 ವೋಲ್ಟಿನ ಸೆಲ್ಲಿನದು. 5 ವೋಲ್ಟಿಗೆ ಬದಲಿಸಿದರೆ 1924 ಮಿಲಿಆಂಪ್-ಗಂಟೆ, ಬದಲಿಸುವಾಗ ಒಂದಿಷ್ಟು ಹಾನಿ ಬೇರೆ. ರಾತ್ರಿ ಪೂರ್ತಿ 18 ಗಂಟೆ × 100 = 1800. ಮುಗಿಯಿತು! ಯಾರೂ ಕೆಲಸ ಹೇಳದಿದ್ದರೂ ಅದು ಕರೆಂಟ್ ತಿನ್ನುತ್ತಲೇ ಇತ್ತು. ಟ್ರ್ಯಾಕ್ಟರನ್ನು ಚಾಲು ಇಟ್ಟು ನಿಲ್ಲಿಸಿದರೆ ಡೀಸೆಲ್ ಸುಡುವುದಿಲ್ಲವೇ, ಹಂಗ. ಪೈ ಝೀರೋಗೆ ನಿಜವಾದ ನಿದ್ದೆ ಇಲ್ಲ.

ಹಳೆಯ ಎಸ್‌ಎ-1110 ನಿದ್ದೆ ಮಾಡುತ್ತಿತ್ತು. ನಿದ್ದೆಯಲ್ಲಿ 50 ಮೈಕ್ರೋಆಂಪ್‌ಗಿಂತ ಕಡಿಮೆ, ಅಂದರೆ 0.05 ಮಿಲಿಆಂಪ್. 18 ಗಂಟೆ × 0.05 = 0.9. ನಮ್ಮದು 1800, ಅದು 1 ಕೂಡ ಅಲ್ಲ! ಮೆಮೊರಿ ಮುಂತಾದ ಬೇರೆ ಭಾಗಗಳು ತಿನ್ನುವುದು ಬೇರೆ ಲೆಕ್ಕ. ಆದರೂ ಎಷ್ಟು ಫರಕು!

ತಿಳಿದುಕೊಂಡದ್ದು

ಸತತ ಕೆಲಸ ಇದ್ದರೆ ಹೊಸದು ಒಳ್ಳೆಯದು. ದಿನಕ್ಕೆ ನಾಲ್ಕು ಸಲ ಎದ್ದು ಮಾತಾಡಿ ಮತ್ತೆ ಸುಮ್ಮನಾಗುವ ಕೆಲಸಕ್ಕೆ ಚೆನ್ನಾಗಿ ಮಲಗುವುದೇ ಒಳ್ಳೆಯದು. ಪ್ರೊಸೆಸರ್ ಕೊಳ್ಳುವಾಗ ಎಷ್ಟು ಜೋರಾಗಿ ಓಡುತ್ತದೆ ಅಂತಷ್ಟೇ ಕೇಳಬಾರದು, ಹೆಂಗ ಮಲಗುತ್ತದೆ ಅಂತಲೂ ಕೇಳಬೇಕು.

ಈಗ ನಮ್ಮ ಪೆಟ್ಟಿಗೆಗೆ ಸ್ವಿಚ್ ಹಾಕಿದ್ದೇವೆ. ಕೆಲಸ ಮುಗಿದ ಮೇಲೆ ಪೈಯನ್ನು ಸರಿಯಾಗಿ ಬಂದ್ ಮಾಡಿ, ಆಮೇಲೆ ಸ್ವಿಚ್ ಆರಿಸುತ್ತೇವೆ. ಸುಮ್ಮನೆ ಕಿತ್ತರೆ ಮೆಮೊರಿ ಕಾರ್ಡ್ ಕೆಡಬಹುದು. ಮತ್ತೆ ಚಾಲು ಆಗಲು ಅರ್ಧ ನಿಮಿಷದ ಮೇಲೆ ಬೇಕು. ಅಜ್ಜಿಗೆ ಹೇಳಿದರೆ, "ಅರ್ಧ ತಾಸ ಆಗವಲ್ದ್ಯಾಕ, ಇಷ್ಟು ವರ್ಷ ಕಾದೀನಿ" ಅಂದಳು. ಹೋದ ರವಿವಾರ ಪೆಟ್ಟಿಗೆ ಅವಳ ಹೆಸರು, ಸರ್ವೆ ನಂಬರ್, ಎಕರೆ, ಗುಂಟೆ ಎಲ್ಲ ಓದಿತು. ಅವಳು ಮೂರು ಸಲ ಓದಿಸಿದಳು.

ನಿಮಗೊಂದು ಲೆಕ್ಕ: ಪೆಟ್ಟಿಗೆ 100 ಮಿಲಿಆಂಪ್ ತಿನ್ನುತ್ತದೆ. ಅಜ್ಜಿ ದಿನಕ್ಕೆ 6 ನಿಮಿಷ ಮಾತ್ರ ಚಾಲು ಮಾಡಿದರೆ 1800 ಮಿಲಿಆಂಪ್-ಗಂಟೆ ಎಷ್ಟು ದಿನ ಬರುತ್ತದೆ? ಉತ್ತರವನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಡಬ್ಬಿಗೆ ಹಾಕಿರಿ. ಸರಿ ಉತ್ತರ ಮುಂದಿನ ವಾರ.

— 7ನೇ ತರಗತಿ ವಿದ್ಯಾರ್ಥಿನಿ