ಸುಬಾಬುಲ್: ಮಿತಿಯಲ್ಲಿ ಮೇವು, ಮಿತಿ ಮೀರಿದರೆ ಕೇಡು



ಮಿರ್ಲೆ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಭಾಗದ ಬದುಗಳಲ್ಲಿ, ರಸ್ತೆ ಬದಿಗಳಲ್ಲಿ ಸುಬಾಬುಲ್ ತಾನಾಗಿಯೇ ಬೆಳೆಯುತ್ತದೆ. ಇದರ ಮೂಲ ಮೆಕ್ಸಿಕೋ. ಅಲ್ಲಿಯೂ ಇಂಡೋನೇಷ್ಯಾದಲ್ಲಿಯೂ ಎಳೆ ಕಾಯಿ, ಬೀಜಗಳನ್ನು ಜನರು ತಿನ್ನುತ್ತಾರೆ. ಬಬೂಲ್ ಎಂದರೆ ಜಾಲಿ. ಮುಳ್ಳಿಲ್ಲದ ಒಳ್ಳೆಯ ಜಾಲಿ ಎಂಬ ಅರ್ಥದಲ್ಲಿ ಇದು ಸುಬಾಬುಲ್.

ಒಣ ತೂಕದ ಲೆಕ್ಕದಲ್ಲಿ ಇದರ ಸೊಪ್ಪಿನಲ್ಲಿ ಶೇ. 20ರಿಂದ 25ರಷ್ಟು ಸಸಾರಜನಕವಿದೆ. ಬೇಸಿಗೆಯಲ್ಲೂ ಹಸಿರಾಗಿರುವುದರಿಂದ ಹಿಂಡಿಯ ಖರ್ಚು ತಗ್ಗಿಸಲು ನೆರವಾಗುತ್ತದೆ. ಆದರೆ ಇದರಲ್ಲಿ ಮೈಮೋಸಿನ್ ಎಂಬ ವಿಷಾಂಶವೂ ಇದೆ. ಚಿಗುರು ಮತ್ತು ಬೀಜದಲ್ಲಿ ಅದು ಹೆಚ್ಚು. ಬರೀ ಸುಬಾಬುಲ್ಲನ್ನೇ ತಿಂಗಳುಗಟ್ಟಲೆ ತಿನ್ನಿಸಿದರೆ ಬಾಲದ ಕೂದಲು ಉದುರುವುದು, ಜೊಲ್ಲು ಸುರಿಯುವುದು, ಮೇವು ಬಿಡುವುದು, ಗಂಟಲ ಗ್ರಂಥಿ ಊದುವುದು ಕಂಡುಬರುತ್ತದೆ. ಹಾಲು ಇಳಿಯುತ್ತದೆ, ಗಬ್ಬದ ಹಸುವಿನ ಕರು ನಿಶ್ಶಕ್ತವಾಗಿ ಹುಟ್ಟಬಹುದು.

ಹವಾಯಿ ದ್ವೀಪದ ಆಡುಗಳು ಇದನ್ನೇ ತಿಂದರೂ ಆರೋಗ್ಯವಾಗಿದ್ದವು. ಆಸ್ಟ್ರೇಲಿಯದ ದನಗಳು ಸೊರಗುತ್ತಿದ್ದವು. ಆಡುಗಳ ಹೊಟ್ಟೆಯ ಸೂಕ್ಷ್ಮಾಣು ಈ ವಿಷವನ್ನು ಒಡೆಯುತ್ತದೆಂದು ವಿಜ್ಞಾನಿ ರೇಮಂಡ್ ಜೋನ್ಸ್ ತೋರಿಸಿದರು. 1983ರಲ್ಲಿ ಅದನ್ನು ಆಸ್ಟ್ರೇಲಿಯದ ದನಗಳಿಗೆ ನೀಡಿದಾಗ ಅವು ಚೇತರಿಸಿಕೊಂಡವು. ನಮ್ಮ ಹಸುವಿನಲ್ಲಿ ಆ ಸೂಕ್ಷ್ಮಾಣು ಇದೆಯೇ ಎಂಬುದು ಹೊರನೋಟಕ್ಕೆ ತಿಳಿಯದು. ಆದ್ದರಿಂದ ಮಿತಿಯೇ ಮದ್ದು.

ಅನುಸರಿಸಬೇಕಾದ ಕ್ರಮಗಳು:

1. ಹಸಿರು ಮೇವಿನಲ್ಲಿ ಸುಬಾಬುಲ್ ಮೂರನೇ ಒಂದು ಪಾಲು ಮೀರಬಾರದು. ದಿನಕ್ಕೆ 25 ಕೆ.ಜಿ. ಹಸಿರು ಮೇವು ತಿನ್ನುವ ಹಸುವಿಗೆ 7-8 ಕೆ.ಜಿ. ಸಾಕು. ಉಳಿದದ್ದು ನೇಪಿಯರ್, ಜೋಳದ ಮೇವು ಇರಲಿ. ಜೊತೆಗೆ ರಾಗಿ ಹುಲ್ಲು ಕೊಡಿ.

2. ಮೊದಲು ಒಂದೆರಡು ಕೆ.ಜಿ. ಕೊಟ್ಟು, ಹದಿನೈದು ದಿನಗಳಲ್ಲಿ ನಿಧಾನವಾಗಿ ಹೆಚ್ಚಿಸಿ.

3. ಕೊಯ್ದ ಸೊಪ್ಪನ್ನು ಬಾಡಿಸಿ ಕೊಟ್ಟರೆ ಮೈಮೋಸಿನ್ ತಗ್ಗುತ್ತದೆ.

4. ಗಬ್ಬದ ಹಸು, ಎಳೆಗರುಗಳಿಗೆ ಇನ್ನೂ ಕಡಿಮೆ ಕೊಡಿ. ಕೋಳಿ, ಹಂದಿ, ಮೊಲಗಳಿಗೆ ಮುಖ್ಯ ಮೇವಾಗಿ ಕೊಡಬೇಡಿ.

5. ಕಾಯಿ ಬಲಿಯುವ ಮೊದಲೇ ಗಿಡ ಸವರಿ. ಬೀಜ ಉದುರಿದರೆ ಹೊಲವೆಲ್ಲ ಕಳೆಯಾಗುತ್ತದೆ. ಕಾಡಂಚಿನ ಕೋಟೆ ಭಾಗದಲ್ಲಿ ಈ ಎಚ್ಚರ ಹೆಚ್ಚು ಅಗತ್ಯ.

ಹೊಗೆಸೊಪ್ಪು ಬೆಳೆಗಾರರಿಗೆ ಇದರ ಕಟ್ಟಿಗೆ ಬ್ಯಾರನ್‌ಗೆ ಸೌದೆಯಾಗುತ್ತದೆ, ಸೊಪ್ಪು ಹಸುವಿಗಾಗುತ್ತದೆ. ಬಾಲದ ಕೂದಲು ಉದುರುವುದು ಕಂಡರೆ ಕೂಡಲೇ ಸುಬಾಬುಲ್ ನಿಲ್ಲಿಸಿ, ಪಶುವೈದ್ಯರಿಗೆ ತೋರಿಸಿ.