ಕಿರಿಯ ನೌಕರನ ಮಾತಿಗೆ ತೂಕ ಬರುವ ಬಗೆ

ಕರೂರು ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದರ ಕಚೇರಿಯನ್ನು ಕಲ್ಪಿಸಿಕೊಳ್ಳೋಣ. ಮಾಲೀಕರು, ಒಬ್ಬ ಸೂಪರ್‌ವೈಸರ್, ಇಪ್ಪತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ಹಿರಿಯ ಗುಮಾಸ್ತರು, ಇವರೊಂದಿಗೆ ಈಚೆಗೆ ಸೇರಿದ ಬಿ.ಕಾಂ. ಪದವೀಧರ. ತನ್ನ ಮಾತನ್ನು ಯಾರೂ ಕೇಳುವುದಿಲ್ಲವೆಂಬುದು ಈ ಹೊಸಬನ ಕೊರಗು. ಹೊಸ ಹುಡುಗರು ಕೆಲಸ ಕಲಿತೊಡನೆ ಬೆಂಗಳೂರಿಗೆ ಹೊರಟುಬಿಡುತ್ತಾರೆಂಬುದು ಮಾಲೀಕರ ದೂರು. ಇವೆರಡೂ ಒಂದಕ್ಕೊಂದು ಹೊಂದಿಕೊಂಡ ಸಮಸ್ಯೆಗಳೆಂಬುದು ಈ ಲೇಖಕನ ಅಭಿಪ್ರಾಯ.

ಅಧಿಕಾರವು ಹುದ್ದೆಯಿಂದ ಬರುತ್ತದೆ. ಪ್ರಭಾವವಾದರೋ, ನಷ್ಟವನ್ನು ತಡೆಯಲು ಇನ್ನೂ ಸಮಯವಿರುವಾಗಲೇ ಅದನ್ನು ಕಂಡು, ತೀರ್ಮಾನಕ್ಕೆ ಒದಗುವಂತೆ ತಿಳಿಸುವವನಿಗೆ ಬರುತ್ತದೆ. ಇದನ್ನು ನಮ್ಮ ದಿನನಿತ್ಯದ ವ್ಯವಹಾರದ ಎರಡು ಸಂದರ್ಭಗಳಿಂದ ಪರಿಶೀಲಿಸಬಹುದು.

ತಿಂಗಳ ಮೂರು ದಿನಾಂಕಗಳು

2022ರ ಜನವರಿ 1ರಿಂದ, ಸರಬರಾಜುದಾರನು ತನ್ನ ಬಿಲ್ಲನ್ನು ಜಿಎಸ್‌ಟಿ ವಿವರಪಟ್ಟಿಯಲ್ಲಿ ತೋರಿಸಿ, ಅದು ಖರೀದಿದಾರನ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಂಡರಷ್ಟೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುತ್ತದೆ. ಪ್ರತಿ ತಿಂಗಳು ವಿವರ ಸಲ್ಲಿಸುವ ಸರಬರಾಜುದಾರನಿಗೆ ಜಿಎಸ್‌ಟಿಆರ್-1ರ ಗಡುವು 11ನೇ ತಾರೀಖು. 2ಬಿ ಸಿದ್ಧವಾಗುವುದು 14ರಂದು. ನಾವು 3ಬಿ ಸಲ್ಲಿಸಿ ತೆರಿಗೆ ತುಂಬಬೇಕಾದದ್ದು 20ರೊಳಗೆ.

6 ಲಕ್ಷ ರೂಪಾಯಿಯ ಕಚ್ಚಾ ಸಾಮಗ್ರಿಗೆ ಶೇ. 18ರಂತೆ 1,08,000 ರೂಪಾಯಿ ತೆರಿಗೆ ಕೊಟ್ಟಿದ್ದೇವೆಂದು ಇಟ್ಟುಕೊಳ್ಳಿ. ಸರಬರಾಜುದಾರನು 11ನ್ನು ತಪ್ಪಿಸಿದರೆ ಆ ತಿಂಗಳು ಆ ಕ್ರೆಡಿಟ್ ಸಿಗದು. ಖಾತೆಯಲ್ಲಿ ಬೇರೆ ಕ್ರೆಡಿಟ್ ಇಲ್ಲದಿದ್ದರೆ ಅಷ್ಟೂ ಹಣವನ್ನು ನಗದಾಗಿ ತುಂಬಬೇಕು. ದುಡಿಯುವ ಬಂಡವಾಳಕ್ಕೆ ಬ್ಯಾಂಕಿನ ಓ.ಡಿ. ನೆಚ್ಚಿದ ಘಟಕಕ್ಕೆ ಇದು ಸಣ್ಣ ಪೆಟ್ಟಲ್ಲ.

18ನೇ ತಾರೀಖಿನಂದು ಕ್ರೆಡಿಟ್ ಬಂದಿಲ್ಲವೆಂದು ಹೇಳುವ ನೌಕರನು ಕೆಟ್ಟ ಸುದ್ದಿ ತಂದವನಾಗುತ್ತಾನೆ. ಹಿಂದಿನ ಆರು ತಿಂಗಳ 2ಬಿ ತೆಗೆದು ನೋಡಿ, ಪದೇ ಪದೇ ತಡಮಾಡುವ ಮೂರು ಸರಬರಾಜುದಾರರ ಪಟ್ಟಿಯನ್ನು 8ರಂದೇ ಮೇಜಿನ ಮೇಲಿಡುವವನು ಹಣ ಉಳಿಸಿದವನಾಗುತ್ತಾನೆ. ಇಬ್ಬರಿಗೂ ಇರುವ ಮಾಹಿತಿ ಒಂದೇ. ಅಂತರ ಹತ್ತು ದಿನ.

ಬಾಕಿ ಪಾವತಿಯ 45 ದಿನ

2006ರ ಎಂಎಸ್‌ಎಂಇಡಿ ಕಾಯಿದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ ಲಿಖಿತ ಒಪ್ಪಂದವಿದ್ದರೆ ಅದರ ಅವಧಿಯೊಳಗೆ, ಆದರೆ ಗರಿಷ್ಠ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. 2023-24ನೇ ಹಣಕಾಸು ವರ್ಷದಿಂದ ಆದಾಯ ತೆರಿಗೆಯೂ ಇದರೊಡನೆ ಸೇರಿಕೊಂಡಿದೆ. ಗಡುವು ಮೀರಿ, ಮಾರ್ಚ್ 31ರ ನಂತರ ಪಾವತಿಸಿದ ಮೊತ್ತವನ್ನು ಆ ವರ್ಷದ ಖರ್ಚಾಗಿ ಒಪ್ಪುವುದಿಲ್ಲ. ಪಾವತಿಸಿದ ವರ್ಷದಲ್ಲಷ್ಟೇ ಒಪ್ಪುತ್ತಾರೆ.

ಯಾವ ಸರಬರಾಜುದಾರರಿಗೆ ಉದ್ಯಮ್ ನೋಂದಣಿಯಿದೆ, ಯಾರೊಡನೆ ಲಿಖಿತ ಒಪ್ಪಂದವಿದೆ, ಯಾರ ಬಾಕಿ ಎಷ್ಟು ದಿನದ್ದು ಎಂಬ ಪಟ್ಟಿ ನಮ್ಮ ಬಹುತೇಕ ಘಟಕಗಳಲ್ಲಿ ಇರುವುದಿಲ್ಲ. ಅದನ್ನು ಸಿದ್ಧಪಡಿಸಲು ಹುದ್ದೆ ಬೇಕಿಲ್ಲ. ಎರಡು ವಾರದ ಶ್ರದ್ಧೆ ಸಾಕು. ಫೆಬ್ರವರಿಯಲ್ಲಿ ಈ ಪಟ್ಟಿ ಕೈಗಿತ್ತ ನೌಕರನನ್ನು ಮಾಲೀಕರು ಮಾರ್ಚ್‌ನಲ್ಲಿ ತಾವಾಗಿಯೇ ಕರೆದು ಕೇಳುತ್ತಾರೆ.

ಹೇಳುವ ಕ್ರಮ

ವಿಷಯ ಸರಿಯಿದ್ದ ಮಾತ್ರಕ್ಕೆ ಮಾತು ನಾಟುವುದಿಲ್ಲ. ಕಿರಿಯರು ಈ ನಾಲ್ಕು ಅಂಶಗಳನ್ನು ಗಮನದಲ್ಲಿಡಬೇಕು.

1. ಪಟ್ಟಿಯನ್ನು ಮೊದಲು ಹಿರಿಯ ಗುಮಾಸ್ತರಿಗೆ ತೋರಿಸಿ. ಪುಸ್ತಕದಲ್ಲಿಲ್ಲದ ಕಾರಣಗಳು ಅವರಿಗೆ ತಿಳಿದಿರುತ್ತವೆ. ಅವರನ್ನು ದಾಟಿ ಹೋದವನಿಗೆ ಮುಂದಿನ ಕಾಗದ ಸಿಗುವುದಿಲ್ಲ.

2. ಮೊತ್ತ, ದಿನಾಂಕ, ಪರಿಹಾರ ಈ ಮೂರನ್ನೂ ಒಟ್ಟಿಗೆ ಹೇಳಿ. "ಸರ್, ಈ ಮೂವರ ಬಿಲ್ಲಿನಲ್ಲಿ 1,08,000 ತೆರಿಗೆ ಇದೆ, 11ರೊಳಗೆ ಹಾಕಲಿಕ್ಕೆ ಇವತ್ತೇ ಫೋನ್ ಮಾಡಲೇ?" ಎಂದರೆ ಮಾಲೀಕರಿಗೆ ಹೂಂ ಎನ್ನುವುದಷ್ಟೇ ಉಳಿಯುತ್ತದೆ.

3. ತಪ್ಪು ಯಾರದೆಂದು ಹುಡುಕುತ್ತ ಹೋಗಬೇಡಿ. ಹಣ ಎಲ್ಲಿದೆ ಎಂಬುದನ್ನು ತೋರಿಸಿ.

4. ಸಂಸ್ಥೆಯ ಅಂಕಿ-ಅಂಶ ಹೊರಗೆ ಹೋಗಕೂಡದು. ಒಮ್ಮೆ ಹೋದ ನಂಬಿಕೆ ಯಾವ ಪಟ್ಟಿಯಿಂದಲೂ ಮರಳುವುದಿಲ್ಲ.

ಇಷ್ಟಾದರೂ ಮೇಲಿನವರು ಒಪ್ಪದಿರಬಹುದು. ಸರ್ ಎಂ. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರ್ ಆಗಿ ಸೇರಿದಾಗ, ಖಾಂದೇಶದಲ್ಲಿ ಕೊಳವೆ ಸೈಫನ್ ನಿರ್ಮಿಸುವ ಕೆಲಸ ಅವರಿಗೆ ಬಂತು. ಮಳೆಗಾಲದ ಅಡಚಣೆ ಕಂಡು ಕೆಲಸ ಮುಂದೂಡಲು ಅವರು ಕೇಳಿದ್ದು ಮೇಲಧಿಕಾರಿಗೆ ವಿಧೇಯತೆಯ ಕೊರತೆಯಾಗಿ ತೋರಿತು. ಅವರು ವಾದ ಬೆಳೆಸದೆ ಕೆಲಸ ಮುಗಿಸಿಕೊಟ್ಟು, ಅದೇ ಅಧಿಕಾರಿಯ ಮೆಚ್ಚುಗೆ ಗಳಿಸಿದರು. ಮುಂದೆ ದಿವಾನರಾಗಿ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯ ಸ್ಥಾಪನೆಗೆ ಕಾರಣರಾದವರೂ ಇವರೇ. ಬರಿಯ ಆಕ್ಷೇಪ ಮೈಗಳ್ಳತನದಂತೆ ಕೇಳಿಸುತ್ತದೆ. ಮಾಡಿ ತೋರಿಸಿದ ಕೆಲಸ ಹಿಂದಿದ್ದರೆ ಅದೇ ಆಕ್ಷೇಪ ಸಲಹೆಯೆನಿಸುತ್ತದೆ.

ಮಾಲೀಕರ ಹೊಣೆ

ಈ ಪಾಠದ ಅರ್ಧಭಾಗ ಮಾಲೀಕರಿಗೆ ಸೇರಿದ್ದು. ಪ್ರತಿ ತಿಂಗಳು 8 ಅಥವಾ 9ರಂದು ಅರ್ಧ ಗಂಟೆ ಲೆಕ್ಕದವರೊಡನೆ ಕುಳಿತುಕೊಳ್ಳಿ. ಆ ಹೊತ್ತಿನಲ್ಲಿ ಕಿರಿಯನೇ ಮೊದಲು ಮಾತನಾಡಲಿ. ಆತನ ಲೆಕ್ಕ ತಪ್ಪಿದ್ದರೆ ಏಕಾಂತದಲ್ಲಿ ತಿದ್ದಿ. ಸರಿಯಿದ್ದರೆ ಎಲ್ಲರೆದುರು ಹೆಸರು ಹಿಡಿದು ಹೇಳಿ. ಕೆಟ್ಟ ಸುದ್ದಿ ತಂದವನನ್ನು ಒಮ್ಮೆ ಗದರಿದರೆ, ಮುಂದಿನ ಸುದ್ದಿ ತೆರಿಗೆ ಇಲಾಖೆಯ ನೋಟೀಸಿನ ಮೂಲಕವೇ ತಲುಪುತ್ತದೆ.

ಬೆಂಗಳೂರಿನಷ್ಟು ಸಂಬಳ ಕೊಡುವುದು ನಮ್ಮ ಸಣ್ಣ ಘಟಕಗಳಿಗೆ ಕಷ್ಟ. ಆದರೆ ಎರಡನೆಯ ವರ್ಷದಲ್ಲೇ ತೀರ್ಮಾನದ ಮೇಜಿನ ಬಳಿ ಕುರ್ಚಿ ಕೊಡುವುದು ದೊಡ್ಡ ಕಂಪನಿಗಳಿಗಿಂತ ನಮಗೇ ಸುಲಭ. ಬರುವ ತಿಂಗಳ 8ರಂದು ಅದನ್ನು ಆರಂಭಿಸಬಹುದು.